ಗೋಡೆ ಎಲ್ಲಿದೆ, ತೋರಿಸು

ನಾನು ಪೆಥಾಲಜಿಗೆ ಸೇರಿದ ಹೊಸತು. ಸ್ತನದ ಗಡ್ಡೆಯ ಸ್ಲೈಡ್ ಒಂದನ್ನು ನೋಡಿ, ಡ್ರಾಫ್ಟ್ ರಿಪೋರ್ಟ್‌ನಲ್ಲಿ 'ಲಿಂಫ್ ನಾಳದೊಳಗೆ ಕ್ಯಾನ್ಸರ್ ಕೋಶಗಳಿವೆ' ಅಂತ ಬರೆದಿಟ್ಟೆ. ಲಿಂಫ್ ನಾಳ ಅಂದರೆ ರಕ್ತನಾಳದಿಂದ ಸೋರಿದ ನೀರನ್ನು ವಾಪಸ್ ಒಯ್ಯುವ ತೆಳು ನಾಳ. ಬರೆಯುವಾಗ ಸ್ವಲ್ಪ ಜಂಬವೂ ಇತ್ತು. ಬಿಳಿ ಸಂದು, ಅದರ ನಡುವೆ ನೇರಳೆ ಕೋಶಗಳ ಗುಂಪು. ಇನ್ನೇನು ಬೇಕು?

ಸೀನಿಯರ್ ಮೇಡಂ ಮೈಕ್ರೋಸ್ಕೋಪಿನ ಎದುರಿನ ಐಪೀಸ್‌ಗೆ ಕಣ್ಣಿಟ್ಟು ಅರ್ಧ ನಿಮಿಷ ನೋಡಿದರು. "ಗೋಡೆ ಎಲ್ಲಿದೆ, ತೋರಿಸು" ಅಂದರು. ನಾನು ಫೋಕಸ್ ತಿರುಗಿಸಿದ್ದೇ ತಿರುಗಿಸಿದ್ದು. ಗೋಡೆ ಸಿಗಲಿಲ್ಲ.

ಆಗಿದ್ದು ಇಷ್ಟೇ. ಗಡ್ಡೆಯ ತುಂಡು ಫಾರ್ಮಲಿನ್‌ನಲ್ಲಿ ನೆನೆದು, ಆಲ್ಕೋಹಾಲ್‌ನಲ್ಲಿ ನೀರು ಕಳೆದುಕೊಂಡು, ಮೇಣಕ್ಕೆ ಇಳಿಯುವಷ್ಟರಲ್ಲಿ ಕುಗ್ಗುತ್ತದೆ. ಕ್ಯಾನ್ಸರ್ ಕೋಶಗಳ ಗುಂಪು ಸುತ್ತಲಿನ ನಾರಿನಿಂದ ಬಿಟ್ಟುಕೊಳ್ಳುತ್ತದೆ. ಒಣಗಿದ ಹಲಗೆ ಚೌಕಟ್ಟಿನಿಂದ ಬಿಟ್ಟುಕೊಳ್ಳುವ ಹಾಗೆ. ಗುರುತು ಹಿಡಿಯಲು ಒಂದು ದಾರಿ ಇದೆ: ಸಂದಿನ ಅಂಚು ಗುಂಪಿನ ಅಂಚಿಗೆ ಅಚ್ಚು ಹಾಕಿದಂತೆ ಹೊಂದಿದರೆ ಅದು ಬರೀ ಸಂದು. ನಿಜವಾದ ನಾಳಕ್ಕೆ ಅದರದ್ದೇ ಆಕಾರ ಇರುತ್ತದೆ, ಒಳಗೋಡೆಯಲ್ಲಿ ಚಪ್ಪಟೆ ನ್ಯೂಕ್ಲಿಯಸ್‌ಗಳು ಕಾಣುತ್ತವೆ.

ಆದರೆ ಲಿಂಫ್ ನಾಳದ ಗೋಡೆ ಕಣ್ಣಿಗೆ ಬೀಳುವುದೇ ಕಷ್ಟ. ತುದಿಯ ನಾಳಗಳಲ್ಲಿ ಒಂದೇ ಪದರ ಕೋಶ, ಹೆಂಚು ಜೋಡಿಸಿದಂತೆ ಒಂದರ ಅಂಚು ಇನ್ನೊಂದರ ಮೇಲೆ. ಕೆಳಗಿನ ಪೊರೆಯೂ ಪೂರ್ತಿ ಇಲ್ಲ. ಹೊರಗೆ ನೀರಿನ ಒತ್ತಡ ಹೆಚ್ಚಾದಾಗ, ಗೋಡೆಗೆ ಕಟ್ಟಿದ ಸಣ್ಣ ನಾರುಗಳು ಎಳೆದು ಆ ಅಂಚುಗಳು ತೆರೆದುಕೊಳ್ಳುತ್ತವೆ. ಸೋರಿದ ನೀರನ್ನು ವಾಪಸ್ ಎಳೆದುಕೊಳ್ಳಲು ಮಾಡಿದ ಏರ್ಪಾಡು ಅದು. ಕ್ಯಾನ್ಸರ್ ಕೋಶಕ್ಕೂ ಅದೇ ಬಾಗಿಲು ಸಾಕು. ರಕ್ತನಾಳಕ್ಕೆ ನುಗ್ಗುವುದಕ್ಕಿಂತ ಇದು ಸಲೀಸು.

ಗಡ್ಡೆ ಸುಮ್ನೆ ಬಾಗಿಲು ಹುಡುಕುತ್ತಾ ಕೂರುವುದಿಲ್ಲ, ಬಾಗಿಲುಗಳನ್ನೇ ಜಾಸ್ತಿ ಮಾಡಿಸುತ್ತದೆ. ಬೆಳೆಯಲು ಗಡ್ಡೆಗೆ ಹೊಸ ರಕ್ತನಾಳ ಬೇಕು ಅಂತ ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ಬರೆದಿದ್ದರು. ಲಿಂಫ್ ನಾಳದ ಕಥೆ ತೆರೆದುಕೊಂಡಿದ್ದು ತಡವಾಗಿ. ಹೆಲ್ಸಿಂಕಿಯ ವಿಜ್ಞಾನಿ ಕಾರಿ ಅಲಿಟಾಲೊ ಅವರ ತಂಡ 1996ರಲ್ಲಿ ವಿಇಜಿಎಫ್-ಸಿ ಎಂಬ ಗ್ರೋತ್ ಫ್ಯಾಕ್ಟರ್ (ಕೋಶಗಳನ್ನು ಬೆಳೆಸುವ ಪ್ರೋಟೀನ್) ಬಗ್ಗೆ ಪ್ರಕಟಿಸಿತು. ಇದು ಲಿಂಫ್ ನಾಳದ ಕೋಶಗಳ ಮೇಲಿರುವ, ಸಂದೇಶ ಹಿಡಿಯುವ ರಿಸೆಪ್ಟರ್ ವಿಇಜಿಎಫ್‌ಆರ್-3ಕ್ಕೆ ಅಂಟಿಕೊಂಡು 'ಬೆಳೆ, ಕವಲೊಡೆ' ಎನ್ನುತ್ತದೆ. ಇದರ ತಮ್ಮನಂಥದ್ದು ವಿಇಜಿಎಫ್-ಡಿ. 2001ರ ಹೊತ್ತಿಗೆ ಇಲಿಗಳಲ್ಲಿ ವಿಷಯ ಗಟ್ಟಿಯಾಯಿತು: ಇವೆರಡರಲ್ಲಿ ಒಂದನ್ನು ಹೆಚ್ಚು ಸುರಿಸುವ ಗಡ್ಡೆಗಳ ಬಳಿ ಲಿಂಫ್ ನಾಳಗಳೂ ಹೆಚ್ಚು, ಆ ನಾಳಗಳು ಹೋಗಿ ಸೇರುವ ಲಿಂಫ್ ಗಂಟಿಗೆ ಹರಡುವುದೂ ಹೆಚ್ಚು. ಇದನ್ನು ಸುರಿಸುವುದು ಗಡ್ಡೆಯ ಕೋಶಗಳಷ್ಟೇ ಅಲ್ಲ, ಅಲ್ಲಿಗೆ ಬಂದು ಸೇರುವ ಮ್ಯಾಕ್ರೋಫೇಜ್‌ಗಳೂ ಹೌದು. ನಮ್ಮ ರಕ್ಷಣಾ ಪಡೆಯವರೇ, ನೋಡಿ. ಇನ್ನೂ ಒಂದಿದೆ. ನಾಳದ ಗೋಡೆ ಸಿಸಿಎಲ್21 ಎಂಬ ವಸ್ತು ಬಿಡುತ್ತದೆ. ಅದನ್ನು ಗುರುತಿಸುವ ರಿಸೆಪ್ಟರ್ ಸಿಸಿಆರ್7 ಇರುವ ಕ್ಯಾನ್ಸರ್ ಕೋಶಗಳು ಆ ಜಾಡು ಹಿಡಿದು ಹೋಗುತ್ತವೆ.

ನಾನು ಹುಡುಕಿದ್ದ ಜಾಗವೂ ತಪ್ಪು. ಗಡ್ಡೆಯ ನಡುವೆ ಒತ್ತಡ ಹೆಚ್ಚು, ಅಲ್ಲಿರುವ ಲಿಂಫ್ ನಾಳಗಳು ಹಿಸುಕಿದ ಪೈಪಿನಂತೆ ಮುಚ್ಚಿಹೋಗಿರುತ್ತವೆ. ಕೆಲಸ ಮಾಡುವ ನಾಳಗಳು ಇರುವುದು ಅಂಚಿನಲ್ಲಿ. ನಾನೋ, ನಟ್ಟನಡುವೆ ಸಂದು ಎಣಿಸುತ್ತಾ ಕೂತಿದ್ದೆ.

ಮೇಡಂ ಡಿ2-40 ಸ್ಟೇನ್ ಹಾಕಿಸಿದರು. ಲಿಂಫ್ ನಾಳದ ಗೋಡೆಯಲ್ಲಿರುವ ಪೊಡೋಪ್ಲಾನಿನ್‌ಗೆ ಅಂಟುವ ಆಂಟಿಬಾಡಿ ಅದು. ಅಂಟಿದ ಕಡೆ ಕಂದು ಬಣ್ಣ ಬರುತ್ತದೆ. ರಕ್ತನಾಳ ಬಣ್ಣ ಹಿಡಿಯುವುದಿಲ್ಲ. ಸ್ಲೈಡ್ ಬಂತು. ನನ್ನ ಬಿಳಿ ಸಂದುಗಳ ಸುತ್ತ ಒಂದೂ ಕಂದು ಗೆರೆ ಇಲ್ಲ. ಮೇಡಂ ಸ್ಲೈಡನ್ನು ಸರಿಸುತ್ತಾ ಗಡ್ಡೆಯ ಹೊರ ಅಂಚಿಗೆ ಬಂದು ನಿಲ್ಲಿಸಿದರು. ಕೊಬ್ಬಿನ ಪಕ್ಕ, ಕೂದಲೆಳೆಯಷ್ಟು ತೆಳುವಾದ ಕಂದು ಗೆರೆ. ಅದರೊಳಗೆ ನಾಲ್ಕೈದು ಕ್ಯಾನ್ಸರ್ ಕೋಶ. ಮೊದಲ ಸ್ಲೈಡಿನಲ್ಲೂ ಅವು ಅಲ್ಲೇ ಇದ್ದವು. ನಾನು ಅವುಗಳ ಮೇಲೆ ಹಾದುಹೋಗಿದ್ದೆ.

ಅಂದರೆ ನನ್ನ ಡ್ರಾಫ್ಟಿನ ಸಾಲು ಕೊನೆಗೂ ಹಾಗೇ ಉಳಿಯಿತು! ಅದು ನನಗೆ ಇನ್ನೂ ಜಾಸ್ತಿ ಕಸಿವಿಸಿ ತಂದಿತು. ಉತ್ತರ ಸರಿ, ಲೆಕ್ಕ ಪೂರ್ತಿ ತಪ್ಪು. ಆ ಸಾಲು ಸುಮ್ನೆ ಅಲ್ಲ, ಮುಂದಿನ ಚಿಕಿತ್ಸೆ ಯೋಚಿಸುವವರು ಅದನ್ನೂ ಲೆಕ್ಕಕ್ಕೆ ತಗೊಳ್ತಾರೆ. ಗಂಟಿಗೆ ಹೋಗಿದ್ದೆಲ್ಲ ಮುಂದಕ್ಕೂ ಹೋಗುತ್ತದೆ ಅಂತೇನಿಲ್ಲ, ಆದರೆ ಗಂಟಿನೊಳಗಿನ ರಕ್ತನಾಳಕ್ಕೆ ದಾಟುವ ಕೋಶಗಳನ್ನು 2018ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ.

ಆಮೇಲೆ ಸ್ವಲ್ಪ ದಿನ ಡಿ2-40 ಅಂದರೆ ದೇವರು ಅಂದುಕೊಂಡಿದ್ದೆ. ಇನ್ನೊಂದು ಕೇಸಿನಲ್ಲಿ ಕೋಶಗಳ ಗುಂಪಿನ ಸುತ್ತ ಸೊಗಸಾದ ಕಂದು ಉಂಗುರ ಕಂಡಿತು. ಪೆನ್ ಎತ್ತಿದವಳು ಹಾಗೇ ಇಟ್ಟೆ. ಉಂಗುರ ದಪ್ಪಗಿತ್ತು, ಅಲ್ಲಲ್ಲಿ ತುಂಡಾಗಿತ್ತು. ಸ್ತನದ ಹಾಲಿನ ನಾಳದ ಸುತ್ತ ಇರುವ ಮಯೋಎಪಿಥೀಲಿಯಲ್ ಕೋಶಗಳೂ ಈ ಬಣ್ಣ ಹಿಡಿಯುತ್ತವೆ. ಪಿ63 ಸ್ಟೇನ್ ಹಾಕಿಸಿದೆ. ಮಯೋಎಪಿಥೀಲಿಯಲ್ ಕೋಶದ ನ್ಯೂಕ್ಲಿಯಸ್ ಅದಕ್ಕೆ ಬಣ್ಣ ಹಿಡಿಯುತ್ತದೆ, ಲಿಂಫ್ ನಾಳದ ಕೋಶ ಹಿಡಿಯುವುದಿಲ್ಲ. ಮಾರನೇ ದಿನ ನೋಡಿದರೆ ಉಂಗುರದ ಉದ್ದಕ್ಕೂ ಕಂದು ನ್ಯೂಕ್ಲಿಯಸ್‌ಗಳು. ಕ್ಯಾನ್ಸರ್ ಇನ್ನೂ ಹಾಲಿನ ನಾಳದೊಳಗೇ ಇತ್ತು.