ಬೀಸುಬಲೆ ಸಿಕ್ಕಿಕೊಂಡ 11 ಜಾಗಗಳು

12 ಅಕ್ಟೋಬರ್ 2025, ಭಾನುವಾರ
ಹಂಗಾರಕಟ್ಟೆ

ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪ ಬೀಸುಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳಕ್ಕೆ ಬಂದರು. ಹೊಳೆಗೆ ಹೊರಟಿರಬೇಕು ಎಂದುಕೊಂಡೆ. ಅವರು ನೇರವಾಗಿ ಶೆಡ್ಡಿಗೆ ಹೋಗಿ, ಹಳೆಯ ಟೈರುಗಳ ಮೇಲೆ ಕೂರಿಸಿಟ್ಟಿದ್ದ ನನ್ನ ದೋಣಿಯ ಪಕ್ಕದಲ್ಲಿ ನಿಂತು, ಬಲೆಯನ್ನು ಬಿಡಿಸಿ ಅದರ ಮೇಲೆ ಬೀಸಿಯೇಬಿಟ್ಟರು. ಸೀಸದ ಗುಂಡುಗಳು ಫೈಬರಿಗೆ ಬಡಿದು ಆಲಿಕಲ್ಲು ಬಿದ್ದ ಹಾಗೆ ಸದ್ದಾಯಿತು.

“ಈಗ ಎಳೆ” ಎಂದರು.

ಎಳೆದೆ. ಬಲೆ ಒಂದು ಗೇಣೂ ಬರಲಿಲ್ಲ.

“ಎಲ್ಲೆಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕು. ಇಲ್ಲಿ ಬಲೆ ಸಿಕ್ಕಿಕೊಂಡರೆ ನೀರಿನ ಮೇಲೆ ಗಾಳದ ದಾರ ಸಿಕ್ಕಿಕೊಳ್ಳುತ್ತದೆ, ಲಂಗರಿನ ಹಗ್ಗ ಸಿಕ್ಕಿಕೊಳ್ಳುತ್ತದೆ, ಕೊನೆಗೆ ನಿನ್ನ ಕಾಲು ಸಿಕ್ಕಿಕೊಳ್ಳುತ್ತದೆ.”

ಎಣಿಸಿದಾಗ 11 ಗುರುತುಗಳಾದವು. ನಾಲ್ಕು ತಿಂಗಳಿನಿಂದ ಒಂದೊಂದಾಗಿ ತಂದು, ಅಳೆದು, ತೂತು ಕೊರೆದು ಕೂರಿಸಿದ ಸಾಮಾನುಗಳ ಮೇಲೆಯೇ ಆ ಗುರುತುಗಳು. ನೋಡಿ ಮನಸ್ಸಿಗೆ ನೋವಾಯಿತು. ಆದರೆ ದೊಡ್ಡಪ್ಪ ಎಳೆಯ ವಯಸ್ಸಿನಲ್ಲಿ ರಂಪಣಿ, ಅಂದರೆ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆದವರು, ಆಮೇಲೆ ಮೂವತ್ತು ವರ್ಷ ನಾಡದೋಣಿಯಲ್ಲಿ ದುಡಿದವರು. ರಕ್ತಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿಲ್ಲ. ಪಕ್ಕದ ಮನೆಯವರು, ನನಗೆ ಈಜು ಕಲಿಸಿದವರು. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ, ತಳ್ಳಿಹಾಕಬೇಕೆಂದು ಅನಿಸಲೂ ಇಲ್ಲ.

ಈ ದೋಣಿಯ ಬಗ್ಗೆ ಇಲ್ಲಿ ಮೊದಲ ಸಲ ಬರೆಯುತ್ತಿರುವುದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 16 ಅಡಿಯ ಫೈಬರ್ ದೋಣಿ, ಸೆಕೆಂಡ್ ಹ್ಯಾಂಡ್. ಖಾಲಿ ದೋಣಿ ಸುಮಾರು 200 ಕಿಲೋ ತೂಗುತ್ತದೆ. ನನಗೆ ಇದು ಹೊಟ್ಟೆಪಾಡಲ್ಲ. ವಾರದಲ್ಲಿ ಆರು ದಿನ ಅಂಗಡಿಯಲ್ಲಿರುತ್ತೇನೆ, ಏಳನೆಯ ದಿನ ಗಾಳ ಹಿಡಿಯುತ್ತೇನೆ. ಆದರೆ ನಮ್ಮೂರಿನಲ್ಲಿ ಗಾಳ ಹಿಡಿಯುವುದು ಎಂದರೆ ಒಂದೇ ನೀರಿನ ಮಾತಲ್ಲ. ಸೀತಾ ಮತ್ತು ಸುವರ್ಣಾ ನದಿಗಳು ಇಲ್ಲಿ ಕೂಡಿಕೊಂಡು ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಒಳಗೆ ಕಾಂಡ್ಲಾ ಗಿಡಗಳ ಬೇರಿನ ನಡುವೆ ಮೊಣಕಾಲುದ್ದದ ನೀರು, ಅಲ್ಲಿ ಕೆಂಬೇರಿ ಮೀನು. ಅಳಿವೆಯ ಹೊಯಿಗೆ ದಿಬ್ಬಗಳ ಅಂಚಿನಲ್ಲಿ ಕಾಣೆ. ಹೊರಗೆ ಸಮುದ್ರ ಶಾಂತವಾಗಿದ್ದ ದಿನ ಸೇಂಟ್ ಮೇರೀಸ್ ದ್ವೀಪದ ಕಡೆಯ ಬಂಡೆಗಳಲ್ಲಿ ಮುರು, ಅದೃಷ್ಟವಿದ್ದರೆ ಅಂಜಲ್. ಈ ಮೂರು ನೀರಿಗೂ ಒಂದೇ ದೋಣಿ ಬೇಕೆಂಬುದು ನನ್ನ ಆಸೆ.

ಮೂರೂ ಒಂದಕ್ಕೊಂದು ವಿರುದ್ಧವಾದದ್ದನ್ನು ಕೇಳುತ್ತವೆ ಎಂಬುದು ತಿಳಿದದ್ದು ಕೆಲಸಕ್ಕೆ ಕೈಹಾಕಿದ ಮೇಲೆ. ಹೊಳೆಗೆ ತಳ ಚಪ್ಪಟೆಯಾಗಿ, ಎಂಜಿನ್ ಮೇಲೆ ಇದ್ದಷ್ಟೂ ಒಳ್ಳೆಯದು. ಸಮುದ್ರಕ್ಕೆ ಮೂತಿ ಚೂಪಾಗಿ, ಪ್ರೊಪೆಲ್ಲರ್ ಆಳದಲ್ಲಿರಬೇಕು, ಇಲ್ಲದಿದ್ದರೆ ಅಲೆಯ ಬೆನ್ನೇರಿದಾಗ ಅದು ಗಾಳಿ ಕುಡಿಯುತ್ತದೆ. ನಿಂತು ಗಾಳ ಎಸೆಯಲು ಮುಂಭಾಗದಲ್ಲಿ ಅಗಲವಾದ ಅಟ್ಟ ಬೇಕು, ಅಲೆಯಲ್ಲಿ ಅದೇ ಅಟ್ಟದ ಮೇಲೆ ನಿಂತವನು ನೀರಿಗೆ ಬೀಳುತ್ತಾನೆ. ಹಾಗಾಗಿ ಅಟ್ಟವನ್ನು ದೋಣಿಯ ಅಂಚಿಗಿಂತ ಒಂದಡಿ ಕೆಳಗೆ ಕಟ್ಟಿದೆ. ಅಂಚು ಮೊಣಕಾಲಿನ ಹತ್ತಿರ ಬರುತ್ತದೆ, ಒಲೆದರೆ ಕಾಲು ಅದಕ್ಕೆ ತಾಗಿ ನಿಲ್ಲುತ್ತದೆ. ಮೇಲ್ಮೈಗೆ ತಿಳಿಬೂದು ಬಣ್ಣ ಬಳಿದು, ಅದು ಹಸಿಯಾಗಿರುವಾಗಲೇ ಜರಡಿ ಹಿಡಿದ ಹೊಯಿಗೆ ಉದುರಿಸಿದೆ. ಒದ್ದೆಗಾಲೂ ಜಾರುವುದಿಲ್ಲ. ಬಿಳಿ ಬಣ್ಣ ಬಳಿದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಫೈಬರ್ ಕೆಲಸವನ್ನು ಜೂನ್‌ನಲ್ಲೇ ಶುರುಮಾಡಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದ್ದು ಸಮುದ್ರಕ್ಕೆ ಇಳಿಯುವಂತಿರಲಿಲ್ಲ, ಆ ಬಿಡುವಿನಲ್ಲಿ ಮುಗಿಸೋಣ ಎಂದುಕೊಂಡಿದ್ದೆ. ಆಷಾಢದ ತೇವಕ್ಕೆ ರೆಸಿನ್ ಒಣಗದೆ ಮೂರು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಅದನ್ನೆಲ್ಲ ಕೆರೆದು ತೆಗೆದು, ಸೆಪ್ಟೆಂಬರ್‌ನ ಬಿಸಿಲಿಗೆ ಕಾದು ಮತ್ತೆ ಹಚ್ಚಬೇಕಾಯಿತು. ಮಳೆಗಾಲದಲ್ಲಿ ಫೈಬರ್ ಕೆಲಸ ಮಾಡಿಸುವವರಿಗೆ ನನ್ನ ಒಂದೇ ಕೋರಿಕೆ: ಕಾಯಿರಿ.

ಎಂಜಿನ್ 25 ಅಶ್ವಶಕ್ತಿಯದು, ಟೂ ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. 25 ಲೀಟರ್ ಪೆಟ್ರೋಲಿಗೆ ಅರ್ಧ ಲೀಟರ್ ಆಯಿಲ್. ಎಂಜಿನ್ನಿನ ಕಾಲು, ಅಂದರೆ ನೀರಿಗೆ ಇಳಿಯುವ ಭಾಗ, ಉದ್ದದ್ದು. ಎಂಜಿನ್ ಕೂರಿಸುವ ಹಿಂಬದಿ ಹಲಗೆ 20 ಇಂಚು ಎತ್ತರವಿದ್ದರೆ ಹೊಂದುವಂಥದ್ದು. ನನ್ನ ದೋಣಿಯ ಹಲಗೆಯ ಎತ್ತರ 17 ಇಂಚು. ಆಯುಧಪೂಜೆಯ ದಿನ ಎಂಜಿನ್ನಿಗೆ ಕುಂಕುಮ, ಚೆಂಡುಹೂವಿನ ಮಾಲೆ ಹಾಕಿ, ಕಳೆದ ಭಾನುವಾರ ನೀರಿಗಿಳಿಸಿದೆ. ಪ್ರೊಪೆಲ್ಲರಿನ ಮೇಲಿರುವ ಅಡ್ಡತಟ್ಟೆ ದೋಣಿಯ ತಳಕ್ಕಿಂತ ಮೂರು ಇಂಚು ಕೆಳಗಿತ್ತು. ಹಿಂದೆ ನೀರು ಕಾರಂಜಿಯಾಗಿ ಚಿಮ್ಮಿತು. ದಿಬ್ಬ ದಾಟುವಾಗ ಎಂಜಿನ್ನಿನ ಕಾಲು ಹೊಯಿಗೆಗೆ ತಾಗಿ ಕೈಗೆ ಹೊಡೆತ ಬಂತು. ಅದಕ್ಕಿಂತ ಹೆಚ್ಚು ಭಯಪಡಿಸಿದ್ದು ಬೇರೆ: ಥ್ರಾಟಲ್ ತಿರುಗಿಸಿದ ಕೂಡಲೇ ಮೂತಿ ಆಕಾಶಕ್ಕೆದ್ದು, ಎದುರಿಗೆ ಏನಿದೆ ಎಂಬುದೇ ಕಾಣದಾಯಿತು. ಎದುರಿನಿಂದ ಒಂದು ಪಾತಿದೋಣಿ ಬರುತ್ತಿತ್ತು. ಅದರಲ್ಲಿದ್ದವರು ಕೂಗಿದ್ದರಿಂದ ತಪ್ಪಿತು.

ಈ ವಾರದ ಸಂಜೆಗಳೆಲ್ಲ ಅದರ ದುರಸ್ತಿಗೇ ಹೋದವು. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡಿನಲ್ಲಿ ಎರಡು ಇಂಚು ಎತ್ತರದ ತುಂಡು ಮಾಡಿ, ಹಿಂಬದಿ ಹಲಗೆಯ ಮೇಲೆ ಕೂರಿಸಿ, ಸುತ್ತಲೂ ಫೈಬರ್ ಹೊದಿಸಿದೆ. ಈಗ ಅಡ್ಡತಟ್ಟೆ ತಳಕ್ಕಿಂತ ಒಂದು ಇಂಚು ಮಾತ್ರ ಕೆಳಗಿದೆ. ಹೊಳೆಗೆ ಇನ್ನೂ ಮೇಲಿದ್ದರೆ ಚೆಂದ, ಸಮುದ್ರಕ್ಕೆ ಇದೇ ಇರಲಿ. ಬೋಲ್ಟಿನ ತೂತುಗಳ ವಿಷಯದಲ್ಲಿ ಮಾತ್ರ ನಾನು ತುಂಬ ಕಟ್ಟುನಿಟ್ಟು. ಮೊದಲು ಬೇಕಾದದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಳತೆಯ ತೂತು ಕೊರೆಯುತ್ತೇನೆ. ಹೀಗೆ ಮಾಡಿದರೆ ನೀರು ಒಳಗಿನ ಮರವನ್ನು ಮುಟ್ಟುವುದಿಲ್ಲ. ದೋಣಿಯ ಹಿಂಬದಿ ಹಲಗೆ ಹೊರಗಿನಿಂದ ಹೊಳೆಯುತ್ತಲೇ ಒಳಗೊಳಗೇ ಕೊಳೆಯುವುದು ಇಂಥ ತೂತುಗಳಿಂದಲೇ. ಬೋಲ್ಟುಗಳೆಲ್ಲ 316 ದರ್ಜೆಯ ಸ್ಟೀಲ್. 304ಕ್ಕೆ ಉಪ್ಪುಗಾಳಿ ತಾಗಿದರೆ ಚಹಾ ಚೆಲ್ಲಿದಂಥ ಕಲೆ ಏಳುತ್ತದೆ. ಬೆಲೆಯ ವ್ಯತ್ಯಾಸ ನೋಡಿ ಮೊದಲು 304 ತಂದಿದ್ದೆ, ಎಲ್ಲವನ್ನೂ ಬದಲಾಯಿಸಿದೆ.

ಮೂತಿ ಮೇಲೇಳುವುದಕ್ಕೆ ಕಾರಣ ಎಂಜಿನ್ ಅಲ್ಲ, ನಾನು ಭಾರ ಇಟ್ಟ ಜಾಗ. 50 ಕಿಲೋ ಎಂಜಿನ್, 28 ಕಿಲೋ ಬ್ಯಾಟರಿ, ತುಂಬಿದ ಪೆಟ್ರೋಲ್ ಟ್ಯಾಂಕ್ ಮತ್ತು ನಾನು, ಎಲ್ಲವೂ ಹಿಂದಿನ ನಾಲ್ಕು ಅಡಿಯೊಳಗೆ ಇದ್ದೆವು. ಕೈಗೆ ಹತ್ತಿರ ಇರಲಿ ಎಂದು ಹಾಗೆ ಇಟ್ಟಿದ್ದೆ. ಈಗ ಬ್ಯಾಟರಿಯನ್ನು ಮುಂದಿನ ಅಟ್ಟದ ಕೆಳಗೆ ಸರಿಸಿದ್ದೇನೆ. ಕಾಂಡ್ಲಾ ಸಂದಿಗಳಲ್ಲಿ ಸದ್ದಿಲ್ಲದೆ ಸಾಗಲು ಮೂತಿಯಲ್ಲಿ ಒಂದು ಸಣ್ಣ ವಿದ್ಯುತ್ ಮೋಟಾರ್ ಇದೆ. ಪೂರ್ತಿ ವೇಗದಲ್ಲಿ ಅದು 50 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಹಿಂದೆ ಇದ್ದಾಗ ಅಷ್ಟು ಕರೆಂಟನ್ನು ದೋಣಿಯ ಉದ್ದಕ್ಕೂ ಹಾಯಿಸಲು ಹೆಬ್ಬೆರಳು ಗಾತ್ರದ ಕೇಬಲ್ ಬೇಕಿತ್ತು. ಈಗ ಎರಡು ಅಡಿಯ ಕೇಬಲ್ ಸಾಕು. ಹಿಂದೆ ಹೋಗುವುದು ಮೀನು ತೋರಿಸುವ ಸೋನಾರ್ ಯಂತ್ರಕ್ಕೆ ಬೇಕಾದ ತೆಳು ತಂತಿ ಮಾತ್ರ. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಗೇಣಿನೊಳಗೇ ಫ್ಯೂಸ್ ಹಾಕಿದ್ದೇನೆ. ಪೆಟ್ರೋಲ್ ಟ್ಯಾಂಕನ್ನೂ ನಡುವಿಗೆ ತಂದೆ.

ಸೋನಾರಿನ ಕಣ್ಣನ್ನು ಹಿಂಬದಿ ಹಲಗೆಯ ಬಲಭಾಗಕ್ಕೆ ಹಾಕಿದ್ದೇನೆ. ನನ್ನ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಬಲಕ್ಕೆ ಸುತ್ತುತ್ತದೆ. ಬಲಗಡೆ ಅದರ ಎಸಳು ಕೆಳಮುಖವಾಗಿ ಹೋಗುವುದರಿಂದ ಆ ಕಡೆ ನೊರೆ ಕಡಿಮೆ. ಎಡಕ್ಕೆ ಹಾಕಿದ್ದರೆ ವೇಗ ಹೆಚ್ಚಿಸಿದ ಕೂಡಲೇ ಪರದೆಯ ತುಂಬ ಗುಳ್ಳೆಗಳೇ ಕಾಣುತ್ತಿದ್ದವು. ಅದನ್ನು ನೇರವಾಗಿ ದೋಣಿಗೆ ಹೊಡೆಯದೆ, ಒಂದು ದಪ್ಪ ಪ್ಲಾಸ್ಟಿಕ್ ಹಲಗೆಯನ್ನು ಒಮ್ಮೆ ಕೂರಿಸಿ, ಅದರ ಮೇಲೆ ಕೂರಿಸಿದೆ. ಸ್ವಲ್ಪ ಮೇಲೆ ಕೆಳಗೆ ಸರಿಸಬೇಕಾದರೆ ದೋಣಿಗೆ ಹೊಸ ತೂತು ಬೀಳುವುದಿಲ್ಲ.

ಬೆಳಗಿನ ಬಲೆಗೆ ಮರಳುತ್ತೇನೆ. 11ರಲ್ಲಿ ನಾಲ್ಕು ಗುರುತುಗಳು ಗಾಳದ ಕೋಲು ನಿಲ್ಲಿಸುವ ಹಿಡಿಗಳ ಮೇಲೆ ಬಿದ್ದಿದ್ದವು. ಅವನ್ನು ಬಿಚ್ಚಿ, ಅಂಚಿನೊಳಗೆ ಹುದುಗುವಂಥ ಕೊಳವೆಗಳನ್ನು ಹಾಕಬೇಕು. ಮೂರು ಗುರುತುಗಳು ಹಗ್ಗ ಸುತ್ತುವ ಗೂಟಗಳ ಮೇಲೆ. ಒಂದನ್ನು ಮೂತಿಯ ತುದಿಗೆ ಸರಿಸಿದೆ, ಉಳಿದೆರಡು ಬೇಡವೇ ಬೇಡ. ಎರಡು ಗುರುತುಗಳು ಉದ್ದ ಉಳಿದ ಬೋಲ್ಟಿನ ತುದಿಗಳು. ಗರಗಸದಲ್ಲಿ ಕೊಯ್ದು, ಗುಮ್ಮಟದಂಥ ನಟ್ಟು ಹಾಕಿದೆ. ಹತ್ತನೆಯದು ದೀಪದ ಕಂಬ. ಕತ್ತಲಲ್ಲಿ ಮರಳುವಾಗ ಸುತ್ತಲೂ ಕಾಣುವ ಬಿಳಿ ದೀಪ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಇರಲೇಬೇಕು. ಅಳಿವೆಯಲ್ಲಿ ದೊಡ್ಡ ಬೋಟುಗಳ ಓಡಾಟವಿದೆ. ಹಾಗಾಗಿ ಕಂಬವನ್ನು ಹಗಲಲ್ಲಿ ಕಿತ್ತು ಮಲಗಿಸಿಡುವಂತೆ ಮಾಡಿದೆ. ಹನ್ನೊಂದನೆಯದರ ಮಾತು ಕೊನೆಗೆ.

ಮಧ್ಯಾಹ್ನದ ಊಟವಾದ ಮೇಲೆ ಹೊಳೆಗೆ ತಳ್ಳಿದೆವು. ಹುಣ್ಣಿಮೆ ಕಳೆದು ಐದು ದಿನವಾಗಿ ನೀರಿನ ಸೆಳೆತ ಇಳಿದಿತ್ತು. ಮೊದಲು ಎಂಜಿನ್, ಬ್ಯಾಟರಿ ಯಾವುದೂ ಇಲ್ಲದೆ, ಸೊಂಟದಷ್ಟು ನೀರಿನಲ್ಲಿ ನಿಲ್ಲಿಸಿ, ಅವುಗಳ ಜಾಗದಲ್ಲಿ ಅಷ್ಟೇ ಭಾರದ ಕಬ್ಬಿಣ ಕಟ್ಟಿ, ಬಕೆಟ್ಟಿನಿಂದ ನೀರು ಹೊಯ್ದು ದೋಣಿಯನ್ನು ಮುಳುಗಿಸಿದೆವು. ದಡದಲ್ಲಿದ್ದ ಮಕ್ಕಳು ಓಡಿ ಬಂದು ನೋಡುತ್ತ ನಿಂತರು. ಈ ಪರೀಕ್ಷೆ ಮಾಡದೆ ಸಮುದ್ರಕ್ಕೆ ಹೋಗುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ.

ಲೆಕ್ಕ ಸರಳವಾದದ್ದು. ಫೈಬರ್ ನೀರಿನಲ್ಲಿ ಮುಳುಗಿದರೆ ಅದರ ತೂಕ ಸುಮಾರು ಮೂರರಲ್ಲಿ ಒಂದು ಪಾಲಾಗುತ್ತದೆ. ನನ್ನ ದೋಣಿಯ 200 ಕಿಲೋ 70ರ ಹತ್ತಿರ ಬರುತ್ತದೆ. ಎಂಜಿನ್, ಬ್ಯಾಟರಿ, ಉಳಿದ ಸಾಮಾನು ಸೇರಿ ಇನ್ನೊಂದು 100. ನೀರು ಹೀರದ ಫೋಮ್ ಒಂದು ಲೀಟರ್ ಜಾಗಕ್ಕೆ ಸುಮಾರು ಒಂದು ಕಿಲೋ ಎತ್ತಿಹಿಡಿಯುತ್ತದೆ. ನಾನು 230 ಲೀಟರಿನಷ್ಟು ತುಂಬಿದ್ದೇನೆ. ಅದಕ್ಕಿಂತ ಮುಖ್ಯವಾದದ್ದು ಎಲ್ಲಿ ತುಂಬಿದ್ದೇನೆ ಎಂಬುದು. ಹೆಚ್ಚಿನವರು ತಳದ ಹಲಗೆಯ ಅಡಿಯಲ್ಲಿ ತುಂಬುತ್ತಾರೆ, ಅಲ್ಲಿ ಜಾಗ ಸುಲಭವಾಗಿ ಸಿಗುತ್ತದೆ. ತಳದಲ್ಲಿರುವ ಫೋಮ್ ಮೇಲಕ್ಕೆ ಬರಲು ನೋಡುತ್ತದೆ, ಆಗ ನೀರು ತುಂಬಿದ ದೋಣಿ ಮಗುಚಿ ಬೆನ್ನು ತೋರಿಸುತ್ತದೆ. ನಾನು ಎರಡೂ ಪಕ್ಕಗಳಲ್ಲಿ, ಅಂಚಿನ ಕೆಳಗೇ ಎತ್ತರದಲ್ಲಿ ತುಂಬಿದ್ದೇನೆ.

ನೀರು ಅಂಚಿನವರೆಗೆ ಬಂತು. ದೋಣಿ ತಳ ಹಿಡಿಯಲಿಲ್ಲ, ಮಗುಚಲಿಲ್ಲ, ನೆಟ್ಟಗೆ ನಿಂತಿತು. ದೊಡ್ಡಪ್ಪ ಒಂದು ಅಂಚಿನ ಮೇಲೆ ಎರಡೂ ಕೈ ಊರಿ ಜಗ್ಗಿದರು. ವಾಲಿ ಮತ್ತೆ ನೇರವಾಯಿತು. ಇನ್ನೊಮ್ಮೆ ಜಗ್ಗಿದರು. ಅವರ ತಮ್ಮ ಇದೇ ಅಳಿವೆಯ ಬಾಯಿಯಲ್ಲಿ, ಮಗುಚಿದ ದೋಣಿಯನ್ನು ಹಿಡಿದುಕೊಳ್ಳಲು ಜಾಗವಿಲ್ಲದೆ ಹೋದವರು. ಅದು ನಾನು ಹುಟ್ಟುವ ಮೊದಲಿನ ಮಾತು. ಅವರು ಆ ವಿಷಯವನ್ನು ಎತ್ತಲಿಲ್ಲ. ನೀರು ಮೊಗೆದು ಖಾಲಿ ಮಾಡುವಾಗ ಮಾತ್ರ ಪ್ಲಾಸ್ಟಿಕ್ ಡಬ್ಬವನ್ನು ನನ್ನ ಕೈಗೆ ಕೊಡಲಿಲ್ಲ.

ಆಮೇಲೆ ಎಂಜಿನ್ ಹಾಕಿ ಹೊರಟೆವು. ತಳದ ನೀರು ಬಿಡುವ ಹಿತ್ತಾಳೆ ಬಿರಡೆಯನ್ನು, ಓಡಿಸುವವನು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕೆಂಪು ದಾರಕ್ಕೇ ಕಟ್ಟಿಟ್ಟಿದ್ದೇನೆ. ಬಿರಡೆ ಹಾಕದೆ ದಾರ ಕೈಗೆ ಬರುವುದಿಲ್ಲ, ದಾರ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಇಬ್ಬರೂ ಲೈಫ್ ಜಾಕೆಟ್ ತೊಟ್ಟಿದ್ದೆವು. ಥ್ರಾಟಲ್ ತಿರುಗಿಸಿದೆ. ಮೂತಿ ಸ್ವಲ್ಪ ಎದ್ದು, ಎರಡು ಮೂರು ಸೆಕೆಂಡಿನಲ್ಲಿ ತಾನಾಗಿ ಇಳಿದು, ದೋಣಿ ನೀರಿನ ಮೇಲೆ ಜಾರತೊಡಗಿತು. ಎದುರಿನ ತೆಂಗಿನ ಸಾಲು ಪೂರ್ತಿ ಕಾಣುತ್ತಿತ್ತು. ಜಿಪಿಎಸ್‌ನಲ್ಲಿ ಗಂಟೆಗೆ 30 ಕಿಲೋಮೀಟರ್. ಹಿಂದೆ ಕಾರಂಜಿ ಇಲ್ಲ. ಎಷ್ಟು ಸಂತೋಷವಾಯಿತೆಂದರೆ ಕೂಗಿಬಿಟ್ಟೆ.

ಅಳಿವೆಯ ಹತ್ತಿರ ಸಣ್ಣ ಅಲೆಗಳು ಸಿಕ್ಕವು. ದೊಡ್ಡಪ್ಪ ಎರಡೂ ಪಕ್ಕದ ಅಂಚುಗಳ ಮೇಲೆ ಕೈಚಾಚಿ ಇಟ್ಟು ಕಣ್ಣು ಮುಚ್ಚಿಕೊಂಡರು. ನನಗೆ ಗಾಬರಿಯಾಯಿತು.

“ಏನಾಯಿತು ದೊಡ್ಡಪ್ಪ?”

“ಪಕ್ಕ ಉಸಿರಾಡುತ್ತಿದೆ. ನೀನೂ ಕೈ ಇಟ್ಟು ನೋಡು.”

ಇಟ್ಟೆ. ಪ್ರತಿ ಅಲೆಗೂ ಫೈಬರ್ ಪಕ್ಕಗಳು ಒಳಗೆ ಹೊರಗೆ ಅಲುಗುತ್ತಿದ್ದವು. ಓಡಾಡಲು ಜಾಗ ಬೇಕೆಂದು ಜೂನ್‌ನಲ್ಲಿ ನಡುವಿನ ಅಡ್ಡಹಲಗೆಯನ್ನು ನಾನೇ ಕೊಯ್ದು ತೆಗೆದಿದ್ದೆ. ಕುಳಿತುಕೊಳ್ಳಲು ಮಾತ್ರ ಅದು ಇರುವುದು ಎಂದುಕೊಂಡಿದ್ದೆ. ಎರಡು ಪಕ್ಕಗಳನ್ನು ಹಿಡಿದಿಟ್ಟದ್ದೂ ಅದೇ. ಬೆಳಿಗ್ಗೆ ಬಲೆ ಸಿಕ್ಕಿಕೊಂಡ ಹನ್ನೊಂದನೆಯ ಜಾಗ ಆ ಹಲಗೆ ಕೊಯ್ದುಳಿದ ಮೊಂಡು ತುದಿ. ನಾನು ಅದನ್ನು ಉಜ್ಜಿ ನಯ ಮಾಡಲು ಹೊರಟಿದ್ದೆ. ದೊಡ್ಡಪ್ಪ ಆಗ ಬೇಡ ಎಂದದ್ದು ಯಾಕೆಂದು ಈಗ ತಿಳಿಯಿತು.

ಅಳಿವೆ ದಾಟದೆ ಅಲ್ಲಿಂದಲೇ ತಿರುಗಿದೆವು. ಮರಳುವಾಗ ದೊಡ್ಡಪ್ಪ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತಿದ್ದರು. 70 ದಾಟಿದವರಿಗೆ ದೋಣಿಯಲ್ಲಿ ಕೂರಲು ಬೇರೆ ಜಾಗವನ್ನೇ ನಾನು ಇಟ್ಟಿರಲಿಲ್ಲ.

ಸಂಜೆ ಎಂಜಿನ್ನಿಗೆ ಹತ್ತು ನಿಮಿಷ ಸಿಹಿನೀರು ಹಾಯಿಸಿ ಉಪ್ಪು ತೊಳೆದೆ. ಆಮೇಲೆ ಟಾರ್ಚ್ ಹಿಡಿದು ಅಳತೆ ತೆಗೆದೆ. ನಾಳೆ ಅಂಗಡಿ ತೆರೆಯುವ ಮೊದಲು ಮರದ ಮಿಲ್ಲಿಗೆ ಹೋಗಬೇಕು: 54 ಇಂಚು ಉದ್ದ, 10 ಇಂಚು ಅಗಲ, ಒಂದೂವರೆ ಇಂಚು ದಪ್ಪ, ಅಂಚುಗಳು ಉರುಟಾಗಿರಬೇಕು. ಎತ್ತರಕ್ಕೆ ದೊಡ್ಡಪ್ಪನವರ ಮೊಣಕಾಲನ್ನೇ ಅಳೆದಿದ್ದೇನೆ, 17 ಇಂಚು.