ಅಮ್ಮನ ಮಣಿಕಟ್ಟು

ಆಟಿ ತಿಂಗಳು. ಉಡುಪಿಯ ನಮ್ಮ ಮನೆಯ ಅಂಗಳವೆಲ್ಲ ಪಾಚಿ ಹಿಡಿದಿತ್ತು. ಮಳೆ ಶುರುವಾದ ಕೂಡಲೇ ನಡೆದಾಡುವ ಕಡೆ ತೆಂಗಿನ ಮಡಲು ಹಾಸುವುದು ನನ್ನ ಕೆಲಸ. ಆ ವರ್ಷ ನಾಳೆ, ನಾಳೆ ಅಂತ ಬಿಟ್ಟಿದ್ದೆ. ತುಳಸಿಕಟ್ಟೆಯ ಹತ್ತಿರ ಅಮ್ಮ ಜಾರಿದರು. ಬೀಳುವಾಗ ಬಲಗೈ ಊರಿದರು.

ಎಕ್ಸ್‌ರೇ ನೋಡಿದಾಗ ನನಗೇ ಕೈ ನೋವಾದ ಹಾಗಾಯಿತು. ಮುಂಗೈಯಲ್ಲಿ ಎರಡು ಎಲುಬು ಇರುತ್ತವೆ ಅಲ್ವಾ, ಅದರಲ್ಲಿ ಹೆಬ್ಬೆರಳಿನ ಕಡೆಯದ್ದು ಮಣಿಕಟ್ಟಿನ ಹತ್ತಿರವೇ ಮುರಿದಿತ್ತು. ಕೈ ಊರಿ ಬಿದ್ದವರಿಗೆ ಜಾಸ್ತಿ ಮುರಿಯುವುದು ಇದೇ ಜಾಗವಂತೆ. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ತೆಳ್ಳಗಾಗುತ್ತದೆ ಎಂದೂ ಡಾಕ್ಟರ್ ಹೇಳಿದರು.

ಅವರು ಹೇಳಿದ ಇನ್ನೊಂದು ಮಾತು ಇವತ್ತಿಗೂ ನೆನಪಿದೆ. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಭಾಗ ಇರುವುದು ಎಲುಬು, ಹಲ್ಲುಗಳಲ್ಲಿ. ರಕ್ತದಲ್ಲಿ ಇರುವುದು ತೀರಾ ಸ್ವಲ್ಪ, ಆದರೆ ಅದು ಕಡಿಮೆಯಾಗುವ ಹಾಗಿಲ್ಲ. ಕಡಿಮೆಯಾದರೆ ಹೃದಯದ ಬಡಿತವೇ ತಪ್ಪುತ್ತದೆ. ಹಾಗಾಗಿ ಊಟದಲ್ಲಿ ಸಾಲದೆ ಬಂದದ್ದನ್ನು ದೇಹ ಎಲುಬಿನಿಂದ ತೆಗೆದುಕೊಳ್ಳುತ್ತದೆ. ನಮಗೆಲ್ಲ ಬಡಿಸಿ, ಉಳಿದ ಗಂಜಿ ಕುಡಿದು ಏಳುತ್ತಿದ್ದ ಅಮ್ಮ ಕಣ್ಣ ಮುಂದೆ ಬಂದರು. ಅವರ ಎಲುಬು ಎಷ್ಟು ವರ್ಷ ಕೊಡುತ್ತಾ ಬಂದಿತ್ತೋ.

ಅಲ್ಲಿಯವರೆಗೆ ಎಲುಬು ಅಂದರೆ ನನಗೆ ಮನೆಯ ಕಂಬದ ಹಾಗೆ, ಸುಮ್ನೆ ಭಾರ ಹೊರುವ ಒಣ ವಸ್ತು. ಮಗಳ ಜೊತೆ ಮಣಿಪಾಲದ ಅನಾಟಮಿ ಮ್ಯೂಸಿಯಂಗೆ ಹೋದಾಗಲೂ ಹಾಗೇ ನೋಡಿ ಬಂದಿದ್ದೆ. ದೊಡ್ಡವರಲ್ಲಿ 206 ಎಲುಬು, ಅದರಲ್ಲಿ 106 ಕೈಕಾಲುಗಳ ತುದಿಯಲ್ಲೇ ಎಂದು ಅವಳು ಲೆಕ್ಕ ಒಪ್ಪಿಸಿದ್ದಳು. ಆದರೆ ಗಾಜಿನ ಹಿಂದಿನ ಎಲುಬಿಗೆ ರಕ್ತ ಇಲ್ಲ. ಬದುಕಿರುವವರ ಎದೆಯ ಎಲುಬು, ಬೆನ್ನಿನ ಎಲುಬುಗಳ ಒಳಗಿನ ಮಜ್ಜೆಯಲ್ಲಿ ಹೊಸ ರಕ್ತ ಹುಟ್ಟುತ್ತಲೇ ಇರುತ್ತದೆ, ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ.

ಆರು ವಾರ ಕಳೆದು ಪ್ಲಾಸ್ಟರ್ ಬಿಚ್ಚಿದರು. ಕೈ ಬಡಕಲಾಗಿತ್ತು, ಚರ್ಮ ಹೊಪ್ಪಳೆ ಏಳುತ್ತಿತ್ತು. ಹೊಸ ಎಕ್ಸ್‌ರೇಯಲ್ಲಿ ಮುರಿದ ಗೆರೆಯ ಸುತ್ತ ಬಿಳಿ ಮೋಡದಂಥದ್ದು ಕಾಣಿಸಿತು. ಅದು ಹೊಸ ಎಲುಬು. ಮೊದಲು ಗಡ್ಡೆಯ ಹಾಗೆ ಬೆಳೆದು, ಆಮೇಲೆ ತಿಂಗಳುಗಟ್ಟಲೆ ತನ್ನನ್ನು ತಾನೇ ಕೆತ್ತಿಕೊಂಡು ಹಳೆಯ ಆಕಾರಕ್ಕೆ ಬರುತ್ತದಂತೆ. ಅರವತ್ತೆಂಟರ ಅಮ್ಮನ ಕೈಯೊಳಗೆ, ನಾವು ಮಲಗಿದ್ದಾಗಲೂ, ಆ ಕೆಲಸ ನಡೆದಿತ್ತು.

ಅಂಗೈಯನ್ನು ಮೇಲೆ, ಕೆಳಗೆ ತಿರುಗಿಸುವ ವ್ಯಾಯಾಮ ಹೇಳಿಕೊಟ್ಟರು. ಅಂಗೈ ಕೆಳಗೆ ಮಾಡಿದಾಗ ಹೆಬ್ಬೆರಳ ಕಡೆಯ ಎಲುಬು ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ಅಮ್ಮನಿಗೆ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ದಿನಾ ಸಂಜೆ ಅವರ ಮೊಣಕೈ ಹಿಡಿದು ಕೂರುತ್ತಿದ್ದೆ.

ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಕರ್ ಕರ್ ಸದ್ದು. ಅಮ್ಮ ಹೆರೆಮಣೆಯ ಮೇಲೆ ಕೂತಿದ್ದರು. ಕಾಯಿ ಕಡಿ ಅವರ ಕೈಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ತಟ್ಟೆಯಲ್ಲಿ ಒಂದು ಹಿಡಿಯಷ್ಟು ತುರಿ ಬಿದ್ದಿತ್ತು.