99ರಲ್ಲೇ ನಿಂತ ಬೆಕ್ಕು

ಆ ಶನಿವಾರ ಲೈಬ್ರರಿಯ ಮಕ್ಕಳ ವಿಭಾಗಕ್ಕೆ ಕೋಡಿಂಗ್ ಹೇಳಿಕೊಡಲು ಹೋದಾಗ ನನ್ನ ತಯಾರಿ ಪಕ್ಕಾ ಇತ್ತು. ಆರು ಕಂಪ್ಯೂಟರ್, ಹನ್ನೆರಡು ಮಕ್ಕಳು, ಎರಡು ಗಂಟೆ. ಸ್ಕ್ರ್ಯಾಚ್‌ನಲ್ಲಿ ಬೆಕ್ಕನ್ನು ಓಡಿಸುವ ಆಟ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಹೊರತಂದ ಈ ಸ್ಕ್ರ್ಯಾಚ್‌ನಲ್ಲಿ ಕೋಡ್ ಟೈಪ್ ಮಾಡುವ ಗೋಳಿಲ್ಲ. ಬಣ್ಣದ ಬ್ಲಾಕ್‌ಗಳನ್ನು ಎಳೆದು ಜೋಡಿಸಿದರಾಯಿತು.

ಅರ್ಧ ಗಂಟೆಯಲ್ಲಿ ಆರೂ ಬೆಕ್ಕುಗಳು ಓಡಿದವು. ನನಗೋ ಖುಷಿ. ಆಗ ಒಬ್ಬ ಹುಡುಗ, "ಅಕ್ಕಾ, ಈಗ ಯಾವುದನ್ನ ಎಳೀಬೇಕು?" ಅಂದ. ಪರದೆಗಳನ್ನು ನೋಡಿದೆ. ಆರೂ ಅಚ್ಚು ಹೊಡೆದ ಹಾಗಿದ್ದವು. ಕೋಡಿಂಗ್ ಹೆಸರಿನಲ್ಲಿ ನಾನು ಉಕ್ತಲೇಖನ ಕೊಟ್ಟಿದ್ದೆ!

ಪಕ್ಕದಲ್ಲಿ ವಾಪಸ್ ಬಂದ ಪುಸ್ತಕಗಳ ತಳ್ಳುಗಾಡಿ ನಿಂತಿತ್ತು. ಇವನ್ನು ಮಕ್ಕಳೇ ಜೋಡಿಸಬಹುದಾ ಎಂದು ಲೈಬ್ರೇರಿಯನ್ ಅವರನ್ನು ಕೇಳಿದೆ. "ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಹಾಗೇ, ನೋಡಿ ಮತ್ತೆ" ಎಂದು ಎಚ್ಚರಿಸಿಯೇ ಒಪ್ಪಿದರು.

ಹೇಗೆ ಜೋಡಿಸಬೇಕೆಂದು ಒಬ್ಬರು ಚೀಟಿಯಲ್ಲಿ ಬರೆಯಬೇಕು. ಇನ್ನೊಬ್ಬರು ಅದರಲ್ಲಿದ್ದಷ್ಟನ್ನೇ ಮಾಡಬೇಕು, ಸ್ವಂತ ಬುದ್ಧಿ ಓಡಿಸುವಂತಿಲ್ಲ. ಕಂಪ್ಯೂಟರ್ ಮಾಡುವುದೂ ಅಷ್ಟೇ ಅಲ್ವಾ?

"ಚಿಕ್ಕ ನಂಬರ್ ಮೊದಲು" ಎಂದು ಎಲ್ಲರೂ ಬರೆದರು. ಜಗಳ ಶುರುವಾಗಿದ್ದು 523.12 ಮತ್ತು 523.2ರ ಹತ್ತಿರ. ಎರಡೂ ಖಗೋಳದ ಪುಸ್ತಕಗಳೇ. ಲೈಬ್ರರಿ ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ, 1876ರಲ್ಲಿ ಮೊದಲು ಅಚ್ಚಾದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ 523 ಅಂದರೆ ಆಕಾಶಕಾಯಗಳು. ಹನ್ನೆರಡಕ್ಕಿಂತ ಎರಡು ಚಿಕ್ಕದು, 523.2 ಮೊದಲು ಅಂತ ಒಂದು ಗುಂಪು. ಚುಕ್ಕಿ ಆದ ಮೇಲೆ ಒಂದೊಂದೇ ಅಂಕಿ ನೋಡಬೇಕು, ಎರಡಕ್ಕಿಂತ ಒಂದು ಚಿಕ್ಕದು ಅಂತ ಇನ್ನೊಂದು. ಕಪಾಟಿನ ಹತ್ತಿರ ಹೋಗಿ ನೋಡಿದರೆ ಎರಡನೇ ಗುಂಪೇ ಸರಿ. ಚೀಟಿ ಹರಿದು ಮತ್ತೆ ಬರೆದರು. "ಚಿಕ್ಕದು" ಎಂಬ ಒಂದು ಪದವನ್ನು ಬಿಡಿಸಿ ಹೇಳಲು ನಾಲ್ಕು ಸಾಲು ಬೇಕಾಯಿತು. ಅಷ್ಟು ಹೊತ್ತೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ದಿನದ ಕಷ್ಟದ ಕೆಲಸ ಅದೇ.

ಆಮೇಲೆ ಹುಡುಕುವ ಆಟ. ಜೋಡಿಸಿದ 64 ಪುಸ್ತಕಗಳಲ್ಲಿ ಒಂದನ್ನು ಹುಡುಕಬೇಕು. ನಡುವಿನ ಪುಸ್ತಕ ನೋಡು, ಬೇಡದ ಅರ್ಧ ಬಿಡು. 32, 16, 8... ಆರು ಸಲ ಅರ್ಧ ಮಾಡಿದರೆ ಉಳಿಯುವುದು ಒಂದೇ. ಯಾರೋ ಸುಮ್ನೆ ಒಂದು ಪುಸ್ತಕವನ್ನು ಬೇರೆ ಕಡೆ ಸಿಕ್ಕಿಸಿದ್ದರು. ಅದು ಮಾತ್ರ ಸಿಗಲೇ ಇಲ್ಲ. ಲೈಬ್ರೇರಿಯನ್ ನನ್ನ ಕಡೆ ನೋಡಿದ ನೋಟ ಬೇಡ ಬಿಡಿ.

ಕೊನೆಯ ಅರ್ಧ ಗಂಟೆ ಮತ್ತೆ ಕಂಪ್ಯೂಟರ್. ಮನಸ್ಸಿನಲ್ಲಿಟ್ಟುಕೊಂಡ 1ರಿಂದ 100ರೊಳಗಿನ ಸಂಖ್ಯೆಯನ್ನು ಬೆಕ್ಕು ಊಹಿಸಬೇಕು. "ಇನ್ನೂ ದೊಡ್ಡದು" ಅಥವಾ "ಇನ್ನೂ ಚಿಕ್ಕದು" ಅಂತಷ್ಟೇ ಹೇಳಬಹುದು. ಈ ಸಲ ನಾನು ಬ್ಲಾಕ್ ಹೇಳಿಕೊಡಲಿಲ್ಲ. ಯಾವುದನ್ನು ಎಳೀಬೇಕು ಎಂದು ಕೇಳಿದ್ದ ಹುಡುಗನ ಬೆಕ್ಕೇ ಮೊದಲು ತಯಾರಾಯಿತು. 37, 62, ಏನು ಕೊಟ್ಟರೂ ಹಿಡಿಯುತ್ತಿತ್ತು. ಪಕ್ಕದ ಹುಡುಗಿ ಬೇಕಂತಲೇ 100 ಇಟ್ಟುಕೊಂಡಳು.

ಬೆಕ್ಕು 50 ಅಂದಿತು. ಆಮೇಲೆ 75, 87, 93, 96, 98, 99. ಮತ್ತೆ 99. ಮತ್ತೆ 99. ಎಲ್ಲರೂ ಬಿದ್ದು ಬಿದ್ದು ನಕ್ಕರು. 99 ಮತ್ತು 100ರ ನಡು 99.5, ಚುಕ್ಕಿ ಆದ ಮೇಲಿನ 5 ಕತ್ತರಿಸಿದರೆ 99ಕ್ಕೇ ವಾಪಸ್.

ಹುಡುಗ ಪೆಚ್ಚಾದ. ಹುಡುಗಿ ಮಾತ್ರ ಕಪಾಟಿನ ಕಡೆ ತಿರುಗಿ ಯೋಚಿಸಿದಳು. "ನೋಡಿ ಆದ ಪುಸ್ತಕವನ್ನ ಮತ್ತೆ ಯಾಕೆ ಲೆಕ್ಕಕ್ಕೆ ಹಿಡೀತೀಯಾ? 50 ಅಲ್ಲ ಅಂದ್ಮೇಲೆ 51ರಿಂದ ಶುರು ಮಾಡು."

ಅವನು ಒಂದು ಕೂಡಿಸುವ ಬ್ಲಾಕ್ ಹಾಕಿದ. 50, 75, 88, 94, 97, 99, ಏಳನೆಯದು 100.

ಲೈಬ್ರರಿ ಮುಚ್ಚುವ ಹೊತ್ತಾಗಿತ್ತು. ಒಂದೊಂದೇ ದೀಪ ಆರುತ್ತಿತ್ತು. "ಅಕ್ಕಾ, ಒಂದೇ ನಿಮಿಷ, ಈ ಸಲ 1 ಇಟ್ಕೊಂಡಿದೀನಿ" ಎಂದು ಅವಳು ಆಟ ಶುರುಮಾಡುವ ಹಸಿರು ಬಾವುಟವನ್ನು ಮತ್ತೆ ಒತ್ತಿದಳು.